ಹನ್ನೊಂದನೆಯ ಅಂಶ

ಮರ್ಯಾದಸ್ಥನೆನಿಸಿಕೊಳ್ಳುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಅದರಿಂದ ಬೇರೆಯವರಿಗೆ ತೊಂದರೆಯಾಗಬಹುದೆಂದು ಗೊತ್ತಾದದ್ದು ಮಾತ್ರ ತಡವಾಗಿ. ಎಂಬತ್ತರ ದಶಕದಲ್ಲಿ ಶಿಡ್ಲಘಟ್ಟದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಪುರಸಭೆ ಚುನಾವಣೆಗೆಂದು, ಬಡವರ ಪರ ಎನ್ನುತ್ತಿದ್ದ ನಾಲ್ಕು ಪಕ್ಷಗಳು ಕೂಟ ಕಟ್ಟಿಕೊಂಡವು. ಕನ್ನಡ ಟೈಪ್‌ರೈಟರ್ ಇಟ್ಟುಕೊಂಡಿದ್ದ ತಪ್ಪಿಗೆ ಪ್ರಣಾಳಿಕೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಒಳಗೊಳಗೇ ಉಬ್ಬಿಹೋಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮ ಹಿಂದಿನ ಗೋಡೆಗೆ ಅಂಟಿಕೊಂಡೇ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಅಲ್ಲಿ ದಿನವಿಡೀ ಕುದಿನೀರಿನ ಮುಂದೆ ಕೂತು ಗೂಡಿನ ಎಳೆ ಹಿಡಿಯುತ್ತಿದ್ದ ಮುಮ್ತಾಜಮ್ಮ ಸುದ್ದಿ ಕೇಳಿ ಬಂದರು. "ಸಾರ್, ನಮ್ದೂ ಒಂದು ಬರ್ಕೊಳ್ಳಿ. ಈ ಬೀದೀಲಿ ಹೆಂಗಸ್ರಿಗೆ ಒಂದು ಕಕ್ಕಸು ಬೇಕು. ಬೆಳಿಗ್ಗೆಯಿಂದ ಸಾಯಂಕಾಲದ ತನಕ ನಾವು ಒಂದು ಲೋಟ ನೀರೂ ಕುಡಿಯಲ್ಲ. ಕುಡಿದ್ರೆ ಎಲ್ಲಿಗೆ ಹೋಗಣ?"

"ಖಂಡಿತ ಹಾಕ್ತೀನಮ್ಮ" ಎಂದೆ. ಟೈಪ್ ಮಾಡಿಯೂ ಮಾಡಿದೆ. ಆದರೆ ಹತ್ತನೆಯ ಅಂಶವಾದ ವಿಶ್ವಶಾಂತಿಯ ಕೆಳಗೇ ಆ ಪದ ಕೂತದ್ದು ನೋಡಿ ಸಂಕೋಚವಾಯಿತು. ಶಿಡ್ಲಘಟ್ಟ ಪುರಸಭೆಗೆ ವಿಶ್ವಶಾಂತಿ ಏತಕ್ಕೆ ಎಂದು ಯಾರೂ ಕೇಳಿರಲಿಲ್ಲ. ನಾಲ್ಕೂ ಪಕ್ಷಗಳು ಜಗಳವಾಡದೆ ಒಪ್ಪಿದ ಅಂಶ ಅದೊಂದೇ. ನಾಲ್ಕು ಜನ ದೊಡ್ಡವರು ಓದುವ ಕಾಗದ ಎಂದುಕೊಂಡು ಹಾಳೆ ಬದಲಿಸಿ, 'ಮಹಿಳೆಯರ ಸರ್ವಾಂಗೀಣ ಅಭ್ಯುದಯ' ಎಂದು ಹೊಡೆದೆ. ಅದು ಹನ್ನೊಂದನೆಯ ಅಂಶ.

ಸಭೆಯಲ್ಲಿ ಅದನ್ನು ಓದಿದವನೂ ನಾನೇ. ಮುಮ್ತಾಜಮ್ಮ ಅರ್ಧ ದಿನದ ಕೂಲಿ ಬಿಟ್ಟು, ಜೊತೆಯ ಹೆಂಗಸರನ್ನೂ ಕರೆತಂದು ಮುಂದೆಯೇ ಕೂತಿದ್ದರು. ಮುಗಿದ ಮೇಲೆ, "ನಮ್ದು ಯಾವ ನಂಬರ್ ಸಾರ್?" ಎಂದರು. ಹನ್ನೊಂದು ಎಂದೆ. "ಹೌದಾ? ನಂಗೇ ಗೊತ್ತಾಗ್ಲಿಲ್ಲ ನೋಡಿ" ಎಂದು ತಮ್ಮನ್ನೇ ಬೈದುಕೊಂಡು, ಉಳಿದವರತ್ತ ತಿರುಗಿ "ಹಾಕವ್ರೆ ಕಣೇ!" ಎಂದು ಸಾರಿದರು. ನಾನು ಮೈಕಿನ ವೈರು ಸುತ್ತತೊಡಗಿದೆ. ಅದು ನನ್ನ ಕೆಲಸವೇ ಆಗಿರಲಿಲ್ಲ.

ಕೂಟ ಗೆದ್ದಿತು. ಅಭ್ಯುದಯದ ಬಾಬ್ತಿನಲ್ಲಿ ಊರ ಬಾಗಿಲಿಗೆ ಒಂದು ಸ್ವಾಗತ ಕಮಾನು ಎದ್ದಿತು. ಮುಮ್ತಾಜಮ್ಮ ಪುರಸಭೆಗೆ ಹೋಗಿ ಹನ್ನೊಂದನೇ ನಂಬರ್ ಕೇಳಿದರಂತೆ. ಗುಮಾಸ್ತ ಪ್ರಣಾಳಿಕೆ ತೆಗೆದು, ಅಂಥದ್ದೇನೂ ಇಲ್ಲವೆಂದು ಓದಿ ತೋರಿಸಿದನಂತೆ. ಅಲ್ಲಿಂದ ನೇರ ನನ್ನ ಬಳಿ ಬಂದರು. ಬೈಯುತ್ತಾರೆಂದು ಕಾದೆ.

"ನೀವು ಬರ್ದಿದ್ರಿ ಸಾರ್. ಅವ್ರೇ ಅಳಿಸ್ಬಿಟ್ಟವ್ರೆ."

"ಇರಬಹುದಮ್ಮ" ಎಂದೆ. ಉಪಚಾರಕ್ಕೆಂಬಂತೆ ಒಂದು ಲೋಟ ನೀರು ಮುಂದಿಟ್ಟೆ.

"ಬೇಡ ಸಾರ್, ಇನ್ನೂ ಕೆಲ್ಸಕ್ಕೆ ಹೋಗ್ಬೇಕು" ಎಂದು ಅವರು ಎದ್ದರು.

ಈಗ ಇದನ್ನೆಲ್ಲ ಒಪ್ಪಿಕೊಂಡು ಹಗುರಾಗೋಣವೆಂದು ಬರೆಯಲು ಕೂತೆ. ಮೊದಲ ಕರಡನ್ನು ಓದಿ ನೋಡಿದರೆ, ಮುಮ್ತಾಜಮ್ಮ ನನ್ನಲ್ಲಿ ಕೇಳಿದ್ದು 'ಮೂಲಭೂತ ಸೌಕರ್ಯ' ಎಂದಿತ್ತು.