ತೊಪ್ಪೂರು ಏರಿನಲ್ಲಿ ಕೆಂಪಿಗೇರಿದ ಮುಳ್ಳು

ಭೂಪತಿಯ ತಲೆನೋವಿಗೆಲ್ಲ ಕಾರಣ ಹೆಬ್ಬೆರಳಿನ ತುದಿಯಷ್ಟಿದ್ದ ಒಂದು ಹಿತ್ತಾಳೆಯ ತುಂಡು. ಅದರ ಹೆಸರು ಸೆನ್ಸರ್. ಎಂಜಿನ್ನಿನ ತಲೆಗೆ ಅದನ್ನು ತಿರುಪಿ ಕೂರಿಸಿ, ಒಂದು ವೈರ್ ಎಳೆದು ಮುಂದಿನ ಮೀಟರಿಗೆ ಕೊಟ್ಟರೆ, ಒಳಗಿನ ನೀರು ಎಷ್ಟು ಕಾದಿದೆ ಎಂದು ಮುಳ್ಳು ತೋರಿಸುತ್ತದೆ. ಅಂಥದ್ದೇ ಇನ್ನೊಂದು ರೇಡಿಯೇಟರಿನ ಬುಡದಲ್ಲಿತ್ತು. ಅದು ಮಾತಾಡುವ ಪೈಕಿಯದಲ್ಲ. ನೀರು ಮಿತಿಮೀರಿ ಕಾದಾಗ ತಾನೇ ಫ್ಯಾನ್ ಹಾಕುತ್ತದೆ. ಒಬ್ಬಳು ಬಾಯಿ ಮಾಡುವ ಅತ್ತೆ, ಇನ್ನೊಬ್ಬಳು ಕೆಲಸ ಮಾಡುವ ಸೊಸೆ ಇದ್ದ ಹಾಗೆ.

ಭೂಪತಿಗೆ ಐವತ್ತಾರು. ಸೇಲಂ ಅಮ್ಮಾಪೇಟೆಯ ನೇಕಾರರ ಬೀದಿಯಲ್ಲಿ ಮಗ್ಗ ರಿಪೇರಿ ಮಾಡಿಕೊಂಡಿದ್ದವನು. ಮನೆಯ ಐದು ಮಗ್ಗಗಳು ಒಂದೊಂದಾಗಿ ನಿಂತು ಜಾಗ ಖಾಲಿಯಾದಾಗ, ಅಲ್ಲೇ ಒಂದು ಕಾರು ಕಟ್ಟಲು ಕುಳಿತ. ಕೊಯಮತ್ತೂರಿನಿಂದ ಲಾರಿಯಲ್ಲಿ ತುಂಡುತುಂಡಾಗಿ ಬಂದ ಫೈಬರಿನ ಮೈ, ಅದರಡಿಗೆ ಹಳೇ ಜೀಪಿನ ಚಾಸಿ ಮತ್ತು ಎಂಜಿನ್ನು. ಎರಡು ವರ್ಷಕ್ಕೆ ಕಾರು ಎದ್ದು ನಿಂತಿತು. ಚಪ್ಪಟೆ ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಏರು ಕಂಡರೆ ಮಾತ್ರ ಇಡ್ಲಿ ಪಾತ್ರೆಯಂತೆ ಹಬೆ ಬಿಟ್ಟಿತು.

ಕಾರು ಕುದಿಯುವುದೆಂದರೆ ಭೂಪತಿಗೆ ತಡೆಯದು. ಅವನ ಅಪ್ಪ ಅಣ್ಣಯ್ಯಪ್ಪ ಟ್ಯಾಕ್ಸಿ ಓಡಿಸುತ್ತಿದ್ದವರು. ತಿಂಗಳಿಗೊಮ್ಮೆ ಎಲ್ಲರನ್ನೂ ಹತ್ತಿಸಿಕೊಂಡು ಹೆಂಡತಿಯ ತವರು ಕಾರಿಮಂಗಲಕ್ಕೆ ಹೊರಟರೆ, ತೊಪ್ಪೂರು ಏರಿನ ಒಂದೇ ತಿರುವಿನಲ್ಲಿ ಕಾರು ಕುದಿಯುವುದು. ಅಜ್ಜಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವಳು. ಅಪ್ಪ ಅಮ್ಮ ನೀರು ತರಲು ಹೋಗುವರು. ಏಳು ವರ್ಷದ ಭೂಪತಿ ಬಾನೆಟ್ಟಿನ ಮುಂದೆ ನಿಂತು, ಟವೆಲ್ಲಿನಿಂದ ಗಾಳಿ ಬೀಸಿ ಬೀಸಿ ಕಾರನ್ನು ಬದುಕಿಸುವನು. ಯಂತ್ರಗಳ ಹುಚ್ಚು ಅವನಿಗೆ ಹತ್ತಿದ್ದೇ ಅಲ್ಲಿ. ಎಪ್ಪತ್ತೆಂಟರ ಅಮ್ಮ ಚೆಲ್ಲಮ್ಮನನ್ನು ಒಮ್ಮೆಯಾದರೂ ಎಲ್ಲೂ ನಿಲ್ಲಿಸದೆ ಆ ಏರು ಹತ್ತಿಸಬೇಕು ಎಂಬುದು ಅವನ ಆಸೆ. ಅದಕ್ಕೇ ಮೂರು ತಿಂಗಳು ಕಾರಿನಡಿ ಮಲಗಿ ದೊಡ್ಡ ರೇಡಿಯೇಟರ್, ಕರೆಂಟಿನ ಫ್ಯಾನು, ಎರಡು ಸೆನ್ಸರ್ ಎಲ್ಲ ಕೂರಿಸಿದ.

ಬೀದಿಗೆ ಬೀದಿಯೇ ಬಂದು ನೋಡಿತು. ಎದುರುಮನೆಯ ವಿಶ್ವನಾಥನ್ ಮಾತ್ರ ನೋಡಿ ಸುಮ್ಮನಿರುವ ಆಳಲ್ಲ. ಬಸ್ ಡಿಪೋದಿಂದ ರಿಟೈರಾದ ಮೆಕಾನಿಕ್ ಆತ.

"ಲೇ ಭೂಪತಿ, ಮೂವತ್ತೆರಡು ವರ್ಸ ಬಸ್ಸಿಗೆ ನೀರು ಉಯ್ದೋನು ಕಣ್ಲಾ ನಾನು. ಈ ಸೆನ್ಸರು ಗಿನ್ಸರು ಎಲ್ಲಾ ಸುಮ್ಕೆ. ತೊಪ್ಪೂರಲ್ಲಿ ಕುದಿಯೋದು ಕುದಿಯೋದೇ."

ಹಾಗೆಂದು, ಜೋತಾಡುತ್ತಿದ್ದ ಸೆನ್ಸರಿನ ವೈರನ್ನು ತಾನೇ ಒಂದು ತಗಡಿನ ಪಟ್ಟಿಯಿಂದ ಎಂಜಿನ್ನಿಗೆ ಬಿಗಿದು, "ಈಗ ನೋಡು, ಎಷ್ಟು ನೀಟಾಗೈತೆ!" ಎಂದ.

ಭಾನುವಾರ ಕಾರಿಮಂಗಲದಲ್ಲಿ ಭೂಪತಿಯ ತಂಗಿ ಮೇನಕಾಳ ಮೊಮ್ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗುವಿಗೆ ಸೋದರಮಾವನಿಲ್ಲ, ಅಜ್ಜಿಯ ಅಣ್ಣನಾದ ಭೂಪತಿಯೇ ಮಡಿಲಲ್ಲಿ ಕೂರಿಸಿಕೊಳ್ಳಬೇಕೆಂದು ಮಾತಾಗಿತ್ತು. ಮುಹೂರ್ತ ಹತ್ತೂವರೆಯಿಂದ ಹನ್ನೊಂದೂವರೆ. ಎಂಟು ಗಂಟೆಗೆ ಹೊರಟರು. ಮುಂದೆ ಭೂಪತಿ, ಪಕ್ಕದಲ್ಲಿ ಯಾರೂ ಕರೆಯದಿದ್ದರೂ ಪಂಚೆ ಉಟ್ಟು ಬಂದು ಕುಳಿತ ವಿಶ್ವನಾಥನ್. ಹಿಂದೆ ಚೆಲ್ಲಮ್ಮ, ಭೂಪತಿಯ ಹೆಂಡತಿ ಕಲೈವಾಣಿ, ಹಣ್ಣು ಹೂವು ಅರಿಶಿನದ ತಟ್ಟೆಗಳು.

ಓಮಲೂರು ದಾಟುವ ತನಕ ಮುಳ್ಳು ಮೀಟರಿನ ನಡುವೆ ಗಂಡಿನ ಕಡೆಯ ಹಿರಿಯನಂತೆ ಅಲ್ಲಾಡದೆ ಕುಳಿತಿತ್ತು. ಟೋಲ್‌ನಲ್ಲಿ ಹುಡುಗರು ಬಂದು "ಇದು ಯಾವ ಕಂಪನಿ ವಂಡಿ, ಅಣ್ಣಾ?" ಎಂದು ಕೇಳಿ ಸೆಲ್ಫಿ ತೆಗೆದುಕೊಂಡರು. ಭೂಪತಿಯ ಎದೆ ಉಬ್ಬಿ ಸ್ಟಿಯರಿಂಗ್ ಮುಟ್ಟಿತು.

ತೊಪ್ಪೂರು ಏರು ಶುರುವಾಯಿತು. ಅರ್ಧ ಹತ್ತಿರಬೇಕು, ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು. ಮುಳ್ಳು, ಚೇಳು ಕುಟುಕಿದಂತೆ, ಒಂದೇ ನೆಗೆತಕ್ಕೆ ಕೆಂಪಿಗೆ ಹಾರಿತು.

"ಕುದೀತು!" ವಿಶ್ವನಾಥನ್ ಕೂಗಿದ ಕೂಗಿನಲ್ಲಿ ದುಃಖಕ್ಕಿಂತ ಆನಂದವೇ ಹೆಚ್ಚಿತ್ತು.

"ಫ್ಯಾನ್ ಓಡ್ತಿಲ್ವಲ್ಲಣ್ಣಾ. ನಿಜವಾಗ್ಲೂ ಕಾದಿದ್ರೆ ಓಡ್ಬೇಕಲ್ಲಾ?"

"ಅದೂ ಓಯ್ತು ಅಂತ ಅರ್ಥ. ನಿಲ್ಸಲೇ!"

ಭೂಪತಿ ರಸ್ತೆಯಂಚಿಗೆ ತಂದು ನಿಲ್ಲಿಸಿದ. ನಿಂತ ಕಾರು ಬೆಲ್ಲ, ಜನ ಇರುವೆ. ಎಳನೀರು ಮಾರುವವನೊಬ್ಬ ಎಂಜಿನ್ನಿನ ಮೇಲೆ ನೀರು ಸುರಿಯಲು ಹೇಳಿದ. ಲಾರಿ ನಿಲ್ಲಿಸಿ ಇಳಿದ ಡ್ರೈವರ್ ಸುರಿಯಬಾರದು, ಎಂಜಿನ್ನು ಬಿರಿಯುತ್ತದೆ ಎಂದ. ಇಬ್ಬರಿಗೂ ಜಗಳ ಹತ್ತಿತು. ಮಧ್ಯೆ ವಿಶ್ವನಾಥನ್, ರೇಡಿಯೇಟರ್ ಒಡೆದಿದ್ದರೆ ಅರಿಶಿನದ ಪುಡಿ ಹಾಕಿದರೆ ಮುಚ್ಚಿಕೊಳ್ಳುತ್ತದೆ ಎನ್ನುತ್ತ ಹಿಂದಿನ ಸೀಟಿನ ತಟ್ಟೆಗೆ ಕೈ ಹಾಕಿದ. ಕಲೈವಾಣಿ ತಟ್ಟೆಯನ್ನು ಎದೆಗವಚಿಕೊಂಡು, "ಮಗು ಶಾಸ್ತ್ರದ್ದು ಅಣ್ಣಾ ಇದು! ಮುಟ್ಟಿದ್ರೆ ನೋಡಿ!" ಎಂದು ಗದರಿದಳು.

ಫೋನು ಬಡಿದುಕೊಂಡಿತು. ಮೇನಕಾ.

"ಅಣ್ಣಾ, ಎಲ್ಲಿದೀಯಾ? ಕಿವಿ ಚುಚ್ಚೋ ಆಸಾರಿ ಸೂಜಿ ಇಡ್ಕೊಂಡು ಕುಂತವ್ನೆ. ನಿನ್ ಮಡ್ಲಿಲ್ದೆ ಆಗಲ್ಲ!"

"ಬಂದೆ ಕಣವ್ವ, ಇಲ್ಲೇ ತೊಪ್ಪೂರು..."

"ಅಯ್ಯೋ, ಅಪ್ಪನಂಗೇ ಆಯ್ತಾ!" ಎಂದು ಅವಳು ಇಟ್ಟುಬಿಟ್ಟಳು.

ಆ ಮಾತು ಭೂಪತಿಗೆ ಸೂಜಿಗಿಂತ ಚುರುಕಾಗಿ ಚುಚ್ಚಿತು. ಎಳನೀರಿನವನು ವ್ಯಾಪಾರಕ್ಕೆ, ಡ್ರೈವರ್ ಲಾರಿಗೆ ಹೋದರು. ವಿಶ್ವನಾಥನ್ ಕ್ಯಾನ್ ಹಿಡಿದು ಕೆಳಗಿನ ಟೀ ಅಂಗಡಿಗೆ ನೀರು ತರಲು ನಡೆದ. ನಡೆಯುತ್ತಲೇ ಯಾರಿಗೋ ಫೋನು ಹಚ್ಚಿದ್ದ. ಕಲೈವಾಣಿ ರಸ್ತೆ ಅಗಲವಾದಾಗ ಹೇಗೋ ಉಳಿದುಕೊಂಡ ಒಂದೇ ಒಂದು ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕುಳಿತಳು.

ಬಹಳ ಹೊತ್ತು ಕಾದು, ಭೂಪತಿ ಬಟ್ಟೆ ಸುತ್ತಿದ ಕೈಯಿಂದ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದ. ಹಬೆಯಿಲ್ಲ, ಬುಗ್ಗೆಯಿಲ್ಲ. ನೀರು ಬಾಯಿತನಕ ತುಂಬಿ ಶಾಂತವಾಗಿ ಆಕಾಶ ನೋಡುತ್ತಿತ್ತು. ಅವನ ಕಣ್ಣು ವೈರಿನ ಮೇಲೆ ಹೋಯಿತು. ವಿಶ್ವನಾಥನ್ ಬಿಗಿದ ತಗಡಿನ ಪಟ್ಟಿ ವೈರಿನ ಸಿಪ್ಪೆ ಕೊಯ್ದು, ಒಳಗಿನ ತಾಮ್ರ ಎಂಜಿನ್ನಿನ ಕಬ್ಬಿಣಕ್ಕೆ ತಾಗಿತ್ತು. ಕೀ ತಿರುಗಿಸಿ ಬಂದು, ವೈರನ್ನು ಬೆರಳಿನಿಂದ ಎತ್ತಿ ಒಳಗೆ ಇಣುಕಿದ, ಮುಳ್ಳು ಕೆಳಗಿಳಿಯಿತು. ಬಿಟ್ಟ, ಕೆಂಪಿಗೆ ಹಾರಿತು. ವೈರನ್ನು ಪಟ್ಟಿಯಿಂದ ಬಿಡಿಸಿ ದೂರ ಸರಿಸಿದ. ಕಾರು ಕುದಿದೇ ಇರಲಿಲ್ಲ!

"ಅಮ್ಮಾ!" ಅವನು ಕೂಗಿದ. "ಕುದೀಲಿಲ್ಲ ಕಣಮ್ಮಾ! ವೈರು ತಾಗಿತ್ತು ಅಷ್ಟೇ. ಅಪ್ಪನ್ ಕಾರಿನ ತರ ಅಲ್ಲ ಇದು!"

ಚೆಲ್ಲಮ್ಮ ಮೆಲ್ಲಗೆ ಇಳಿದು ಬಂದು ಅವನ ಮಣಿಕಟ್ಟು ಹಿಡಿದಳು.

"ಕೂಗ್ಬೇಡ. ನಿಮ್ಮಪ್ಪನ್ ಕಾರೂ ಒಂದು ದಿನಾನೂ ಕುದೀಲಿಲ್ಲ."

"ಏನು?"

"ಮನೇಲಿ ಅದಿನಾಲ್ಕು ಜನ, ಐದು ಮಗ್ಗ. ಗಂಡ ಎಂಡ್ತಿ ಒಂದು ಮಾತಾಡ್ಬೇಕಂದ್ರೆ ಲಾಳಿ ಸದ್ದಿನಾಗೆ ಕೂಗ್ಬೇಕು. ಕೂಗಿದ್ರೆ ನಿಮ್ಮಜ್ಜಿಗೆ ಕೇಳ್ತೈತೆ. ಅದಕ್ಕೆ ಇಲ್ಲಿಗ್ ಬಂದ್ರೆ ಅವ್ರು 'ಕುದೀತು' ಅಂತ ನಿಲ್ಸೋರು. ನೀರು ತರೋ ನೆಪದಾಗೆ ನಾವು ಆ ಮರದಡಿ ಅರ್ಧ ಗಂಟೆ ಕುಂತ್ಕೋತಿದ್ವಿ."

"ಹಬೆ ಬರ್ತಿತ್ತಲ್ಲಮ್ಮಾ! ನಾನೇ ಕಂಡಿವ್ನಿ!"

"ಬಿಸಿ ಪೈಪಿನ ಮೇಲೆ ಒಂದು ಚೊಂಬು ನೀರು ಉಯ್ಯೋರು. ಉಸ್ ಅನ್ನೋದು."

"ಮತ್ತೆ ನಾನು ಗಾಳಿ ಬೀಸಿದ್ದು?"

ಚೆಲ್ಲಮ್ಮನ ಸುಕ್ಕುಗಟ್ಟಿದ ಮುಖದಲ್ಲಿ ಹದಿನೆಂಟರ ನಗು ಮೂಡಿತು. "ನೀನು ಇಂದೆ ಇಂದೆನೇ ಬರ್ತಿದ್ದೆ ಮಗ. ಏನಾರ ಒಂದು ಕೆಲಸ ಕೊಡ್ಬೇಕಾಗಿತ್ತಲ್ಲಾ?"

ಭೂಪತಿ ಬಾನೆಟ್ಟಿಗೆ ಒರಗಿ ನಿಂತ. ಕಾಲಡಿಯ ತೊಪ್ಪೂರು ಬೆಟ್ಟವೇ ಅರ್ಧ ಅಡಿ ಜಾರಿದಂತಾಯಿತು. ಅಪ್ಪ ಹೋಗಿ ಇಪ್ಪತ್ತು ವರ್ಷವಾಗಿತ್ತು. ಆದರೂ ಆ ಕಪ್ಪು ಕಾರು, ಅಪ್ಪನ ಖಾಕಿ ಅಂಗಿ, ಮರದ ಕಡೆ ನಡೆಯುವಾಗ ಅಮ್ಮನ ಮುಡಿಯಲ್ಲಿ ಅಲ್ಲಾಡುತ್ತಿದ್ದ ಕನಕಾಂಬರ, ಎಲ್ಲ ಕಣ್ಣ ಮುಂದೆ ಬಂತು. ಅವರು ನಡೆಯುವ ವೇಗದಲ್ಲಿ ಇಷ್ಟು ದಿನ ಕಾಣದ ಒಂದು ಆತುರ ಈಗ ಕಂಡಿತು.

"ಮುಹೂರ್ತ ಅನ್ನೊಂದೂವರೆ ತನಕ ಐತೆ," ಎಂದಳು ಚೆಲ್ಲಮ್ಮ. "ಪಾಪ, ಕಲೈವಾಣಿ ಮೂರು ತಿಂಗಳಿಂದ ನಿನ್ ಕಾಲು ಮಾತ್ರ ನೋಡವ್ಳೆ. ಉಳಿದದ್ದೆಲ್ಲ ಕಾರಿನಡಿ ಇತ್ತು. ಓಗು, ಕುಂತ್ಕೋ. ವಿಶ್ವನಾಥನ್‌ಗೆ ಕುದೀಲಿಲ್ಲ ಅಂದ್ಯೋ, ಈಗ್ಲೇ ಒರಡು ಅಂತಾನೆ."

ಭೂಪತಿ ಹೋಗಿ ಕಲ್ಲಿನ ತುದಿಯಲ್ಲಿ ಕುಳಿತ. ಏನು ಮಾತಾಡುವುದೆಂದು ಹೊಳೆಯದೆ, ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸತೊಡಗಿದ.

"ಅದ ಬುಟ್ಟು ಬೇರೆ ಏನಾರ ಏಳಿ," ಎಂದಳು ಕಲೈವಾಣಿ. "ಮದ್ವೆ ವರ್ಸ ಒಗೆನಕಲ್‌ಗೆ ಕರ್ಕೊಂಡೋಗಿದ್ರಲ್ಲ, ತೆಪ್ಪದಾಗೆ ಎದ್ರಿಕೊಂಡು ನನ್ ಕೈ ಇಡ್ಕೊಂಡ್ರಿ, ಗ್ನಾಪ್ಕ ಐತಾ?"

"ಎದ್ರಿಕೊಂಡಿದ್ದು ನೀನು."

"ನೀವು! ತೆಪ್ಪ ನಡೆಸೋನೇ ನಕ್ಕನಲ್ಲ."

ಇಬ್ಬರೂ ನಕ್ಕರು. ಆ ವರ್ಷ ತಿಂದ ಮೀನು, ನೀರಿಗೆ ಬಿದ್ದ ಅವಳ ಒಂದು ಚಪ್ಪಲಿ, ಇನ್ನೊಂದನ್ನು ಇವನು ಊರತನಕ ಕೈಯಲ್ಲೇ ಹಿಡಿದು ತಂದದ್ದು... ಒಂದರ ಬಾಲ ಹಿಡಿದು ಇನ್ನೊಂದು ಬಂತು. ಹೊತ್ತು ಹೋದದ್ದು ತಿಳಿಯಲಿಲ್ಲ.

ತಿಳಿದದ್ದು, ತುಂಬಿದ ಕ್ಯಾನು ಹೊತ್ತು ವಿಶ್ವನಾಥನ್ ಏದುಸಿರು ಬಿಡುತ್ತ ಬಂದು ನಿಂತಾಗ. ಇನ್ನೊಂದು ಕೈಯಲ್ಲಿ ಫೋನು.

"ಸ್ಪೀಕರ್‌ನಾಗೆ ಆಕಿವ್ನಿ ಕಣ್ಲಾ. ಬೀದಿ ಪೂರಾ ಕೇಳ್ತಾ ಐತೆ. ನಿನ್ ಬಾಯಲ್ಲೇ ಏಳು. ಕುದೀತಾ, ಇಲ್ವಾ?"

ಭೂಪತಿ ಅಮ್ಮನ ಕಡೆ ನೋಡಿದ. ಚೆಲ್ಲಮ್ಮ ಹೂವಿನ ತಟ್ಟೆಯಲ್ಲಿ ಏನನ್ನೋ ಬಹಳ ಮುಖ್ಯವಾದದ್ದನ್ನು ಹುಡುಕುತ್ತಿದ್ದಳು. ಇಲ್ಲವೆಂದರೆ, ಮತ್ತೆ ಇಷ್ಟು ಹೊತ್ತು ಮರದಡಿ ಏಕೆ ಕುಳಿತಿದ್ದಿರೆಂದು ಬೀದಿಯೇ ಕೇಳುತ್ತದೆ. ಮೂರು ತಿಂಗಳ ಬೆವರು, ಎರಡು ಸೆನ್ಸರ್, ಒಂದು ದೊಡ್ಡ ರೇಡಿಯೇಟರ್ ಎಲ್ಲವನ್ನೂ ಒಂದೇ ಗುಕ್ಕಿಗೆ ನುಂಗಿ ಅವನು ಹೇಳಿದ:

"ಕುದೀತಣ್ಣಾ."

ಫೋನಿನೊಳಗಿಂದ ಅಮ್ಮಾಪೇಟೆ ಹೋ ಎಂದಿತು.

ಕಾರಿಮಂಗಲ ಮುಟ್ಟಿದಾಗ ಮುಹೂರ್ತ ಮುಗಿಯಲು ಹದಿನೈದು ನಿಮಿಷ ಉಳಿದಿತ್ತು. ದಾರಿಯುದ್ದಕ್ಕೂ ಮುಳ್ಳು ಸರಿಯಾಗಿ ನಡುವೆ ನಿಂತಿದ್ದರಿಂದ, ವಿಶ್ವನಾಥನ್‌ಗೆ ಕಾಣದಂತೆ ಭೂಪತಿ ಮೀಟರಿನ ಮೇಲೆ ಟವೆಲ್ ಹಾಸಿಕೊಂಡೇ ಓಡಿಸಿದ್ದ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ. ಚಪ್ಪರದ ಆಚೆ ವಿಶ್ವನಾಥನ್ ಸುತ್ತ ಗುಂಪು ಕೂಡಿತ್ತು. "ನಾಳೆ ಬೆಳಿಗ್ಗೆಗೇ ಆ ವೊಸ ರೇಡಿಯೇಟರ್ ಕಳಚಿ ಬಿಸಾಕಿ, ನಮ್ಮನೆ ಅಟ್ಟದಾಗೆ ಒಂದು ಬಸ್ ರೇಡಿಯೇಟರ್ ಐತೆ, ಅದ ಕೂರಿಸ್ತೀನಿ. ಬಾನೆಟ್ ಸ್ವಲ್ಪ ಕೊಯ್ಬೇಕಾಯ್ತದೆ, ಅಷ್ಟೇ!" ಅವನು ಹೇಳುತ್ತಿದ್ದಂತೆ, ಕೊಯ್ಯಲು ನಾವೂ ಬರುತ್ತೇವೆಂದು ಮೂವರು ನೆಂಟರು ಮುಂದೆ ಬಂದರು.

"ಕೂರಿಸ್ಕೋ ಮಗ," ಎಂದಳು ಚೆಲ್ಲಮ್ಮ ಪಕ್ಕದಿಂದ, ಏನೂ ಅರಿಯದವಳಂತೆ. "ತಿಳಿದೋರು ಏಳ್ತಾವ್ರೆ."

ಆಸಾರಿ ಸೂಜಿ ಎತ್ತಿದ. ಮಗು ಬೊಬ್ಬೆ ಹೊಡೆಯಿತು. ಭೂಪತಿ ಅದರ ಬೆನ್ನು ಸವರಿ ಕಿವಿಯಲ್ಲಿ ಹೇಳಿದ:

"ಅಳ್ಬೇಡ ಕಣವ್ವ. ನಿಂಗೆ ಎರಡೇ ತೂತು. ನಾಳೆ ನನ್ ಕಾರಿಗೆ ಎಷ್ಟು ಬೀಳ್ತವೋ ಆ ದ್ಯಾವ್ರಿಗೇ ಗೊತ್ತು."