ಹಿತ್ತಲ ಬಾಗಿಲಿನ ಮತಕ್ಷೇತ್ರ

ಕೆಲವರಿಗೆ ಹುಟ್ಟಿನಿಂದಲೇ ಒಳ್ಳೆಯ ಕಂಠ ಬಂದಿರುತ್ತದೆ. ಕೆಲವರಿಗೆ ಕೈಯಲ್ಲಿ ಕಸುಬು ಬಂದಿರುತ್ತದೆ. ನನಗೆ ಬಂದದ್ದು ಅನುಮಾನ. ಯಾರಾದರೂ ನಗುನಗುತ್ತ ನಮಸ್ಕಾರ ಮಾಡಿದರೆ ಅವರು ಓಣಿಯ ತಿರುವು ದಾಟುವವರೆಗೂ ನೋಡುತ್ತ ನಿಲ್ಲುತ್ತೇನೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಇದು ನಿನ್ನೆ ಬರಬೇಕಾಗಿದ್ದ ಬಸ್ಸೇ ಇರಬೇಕು ಎನಿಸುತ್ತದೆ. ಒಮ್ಮೆ ಇಳಕಲ್ಲಿಗೆ ಸೀರೆ ಕೊಳ್ಳಲು ಹೋದಾಗ ಸೆರಗಿನದು ಅಸಲಿ ರೇಷ್ಮೆ ಹೌದೋ ಅಲ್ಲವೋ ಎಂದು ಒಂದು ಎಳೆ ಜಗ್ಗಿ ನೋಡಿದೆ. ಎಳೆ ಕಿತ್ತು ಕೈಗೆ ಬಂತು. ಅಂಗಡಿಯವರು ಅದೇ ಸೀರೆಯನ್ನು ಮಡಿಸಿ ಕೈಯಲ್ಲಿಟ್ಟರು. ನನ್ನ ಹೆಂಡತಿ ಸುಮಿತ್ರಾ ಅದನ್ನು ಉಟ್ಟಾಗಲೆಲ್ಲ ಆ ಎಳೆ ಕಿತ್ತ ಜಾಗವೇ ನನ್ನ ಕಣ್ಣಿಗೆ ಬೀಳುವಂತೆ ಸೆರಗು ಹೊದೆಯುತ್ತಾಳೆ ಎಂಬ ಅನುಮಾನವೂ ನನಗಿದೆ. ನಾನು ಮಾಸ್ತರಿಕೆ ಮಾಡುತ್ತಿದ್ದ ಊರು ಗುಡೂರಿನ ಹತ್ತಿರದ್ದು. ಊರಿನ ಹೆಸರು ಹೇಳುವುದಿಲ್ಲ. ಅದನ್ನು ತಿಳಿದುಕೊಂಡು ನೀವು ಏನು ಮಾಡುವವರಿದ್ದೀರಿ ಎಂಬುದು ನನಗೆ ಖಾತ್ರಿಯಿಲ್ಲ.

ನನ್ನ ಅನುಮಾನಕ್ಕೆ ಊರಿನ ಇತಿಹಾಸವೂ ಕಾರಣ. ನಮ್ಮ ತಂದೆಯೂ ಅದೇ ಶಾಲೆಯಲ್ಲಿ ಮಾಸ್ತರರಾಗಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ಅವರು ಹೇಳುತ್ತಿದ್ದರು: "ನಮ್ಮಜ್ಜನ ಕಾಲದಾಗ ಕಲಾದಗಿ ಜಿಲ್ಲಾ ಇತ್ತು. ಆಮ್ಯಾಲೆ ವಿಜಾಪುರ ಜಿಲ್ಲಾ ಆತು. ಮುಂಬೈ ರಾಜ್ಯದವರಿದ್ವಿ, ಮೈಸೂರು ರಾಜ್ಯದವರಾದ್ವಿ. ಮನಿ ಮಾತ್ರ ಒಂದು ಮೊಳ ಸರದಿಲ್ಲ ನೋಡು!" ಅವರು ಇದನ್ನು ಬೆರಗಿನಿಂದ ಹೇಳುತ್ತಿದ್ದರು. ನನಗೆ ಮಾತ್ರ ನಾವು ಮಲಗಿದ್ದಾಗ ಯಾರೋ ಬಂದು ನೆಲವನ್ನು ಅತ್ತಿತ್ತ ಸರಿಸುತ್ತಾರೆ ಎಂದೇ ಅನಿಸುತ್ತಿತ್ತು. ಲೋಕಸಭೆಯ ಮತಕ್ಷೇತ್ರದ ಕತೆಯೂ ಇದೇ. ಮೊದಲು ನಮ್ಮದು ವಿಜಾಪುರ ದಕ್ಷಿಣ ಎಂದಿತ್ತು. ಮುಂದೆ ಬಾಗಲಕೋಟೆ ಎಂದಾಯಿತು. ಆ ದಕ್ಷಿಣವನ್ನು ಯಾರು ಎಲ್ಲಿಗೆ ಒಯ್ದರು ಎಂದು ಚಾವಡಿಯಲ್ಲಿ ಕೇಳಿದೆ. ಎಲ್ಲರೂ ಒಟ್ಟಿಗೆ ನಕ್ಕರು. ಅದನ್ನು ಕಂಡು ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ವಿಧಾನಸಭೆಯ ವಿಷಯ ಇದಕ್ಕಿಂತ ಸೂಕ್ಷ್ಮ. ನಮ್ಮ ಊರ ನಡುವೆ ಒಂದು ಬಂಡಿದಾರಿ ಇದೆ. ದಾರಿಯ ಪೂರ್ವಕ್ಕಿದ್ದವರು ಹುನಗುಂದದ ಕಡೆ, ಪಶ್ಚಿಮಕ್ಕಿದ್ದ ಆರು ಮನೆಯವರು ಬಾದಾಮಿಯ ಕಡೆ. ಲೋಕಸಭೆಗೆ ಎಲ್ಲರೂ ಬಾಗಲಕೋಟೆಯವರೇ. ವಿಧಾನಸಭೆ ಬಂತೆಂದರೆ ಮಾತ್ರ ದಾರಿಯ ಆಚೆಯವರು ಬೇರೆ, ಈಚೆಯವರು ಬೇರೆ. ನಮ್ಮ ಮನೆ ಪೂರ್ವಕ್ಕಿತ್ತು. ಮುಂಬಾಗಿಲು ಶಾಲೆಯ ಓಣಿಗೆ, ಹಿತ್ತಲ ಬಾಗಿಲು ಬಂಡಿದಾರಿಗೆ. ಹಿತ್ತಲಿಗೆ ಹತ್ತಿಕೊಂಡೇ, ದಾರಿಯ ನಮ್ಮ ಕಡೆಯಲ್ಲೇ ಇದ್ದದ್ದು ಕರೆಪ್ಪನ ಮನೆ. ಕರೆಪ್ಪ ಕುರಿ ಸಾಕಿದವನು, ಎರಡು ಎಮ್ಮೆಯನ್ನೂ ಕಟ್ಟಿದ್ದ, ಬೀರಪ್ಪನ ಭಕ್ತ. ಇಪ್ಪತ್ತು ವರ್ಷ ನಮಗೆ ಹಾಲು ಹಾಕಿದ. ಇಪ್ಪತ್ತು ವರ್ಷವೂ ನಾನು ಆ ಹಾಲಿನಲ್ಲಿ ಬೆರಳು ಅದ್ದಿ ನೋಡಿದೆ. ಅವನು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. "ನೋಡ್ರಿ ಮಾಸ್ತರ್ರ, ಚಲೋತ್ನಂಗ ನೋಡ್ರಿ," ಎನ್ನುತ್ತ ತಂಬಿಗೆ ಹಿಡಿದೇ ನಿಲ್ಲುತ್ತಿದ್ದ. ಆಮೇಲೆ ಇಬ್ಬರೂ ಅವನ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ನನ್ನಂಥವನಿಗೆ ಊರಲ್ಲಿ ಇದ್ದ ಗೆಳೆಯ ಅವನೊಬ್ಬನೇ.

ಅವನ ತಾಯಿ ಮಾಯವ್ವನಿಗೆ ಎಷ್ಟು ವಯಸ್ಸೋ ಅವಳಿಗೇ ಗೊತ್ತಿರಲಿಲ್ಲ. ಮೊಣಕಾಲು ಹಿಡಿದು ನಡೆಯುವುದು ಕಷ್ಟವಾಗಿತ್ತು. ಆದರೆ ಓಟು ಬಂತೆಂದರೆ ಹೊತ್ತು ಹುಟ್ಟುವ ಮೊದಲೇ ಮಿಂದು, ಕೋಲೂರಿಕೊಂಡು ನಮ್ಮ ಶಾಲೆಯ ಬಾಗಿಲಿಗೆ ಬಂದು ಕೂತುಬಿಡುತ್ತಿದ್ದಳು. ಮೊದಲ ಓಟು ಅವಳದೇ ಆಗಬೇಕು. ಬೆರಳಿಗೆ ಮಸಿ ಹಚ್ಚಿಸಿಕೊಂಡು ನೇರ ಬೀರಪ್ಪನ ಗುಡಿಗೆ ಹೋಗಿ ದೇವರಿಗೆ ಆ ಬೆರಳು ತೋರಿಸಿಯೇ ಮನೆಗೆ ಬರುವವಳು. ದೇವರು ಅದನ್ನು ನೋಡಿ ಏನು ಮಾಡಬೇಕು ಎಂದು ಒಮ್ಮೆ ಕೇಳಿದೆ. "ಅಂವಗೂ ಗೊತ್ತಿರ್ಲಿ ಯಪ್ಪಾ, ನಾನೂ ಲೆಕ್ಕದಾಗ ಅದೀನಿ ಅಂತ," ಎಂದಳು.

ಎಪ್ಪತ್ತರ ದಶಕದಲ್ಲಿ ಹೊಸ ಜನಗಣತಿಯಾದ ಮೇಲೆ ಮತಕ್ಷೇತ್ರಗಳನ್ನು ಮತ್ತೆ ಹಂಚುತ್ತಾರೆ ಎಂದು ಸುದ್ದಿ ಬಂತು. ಯಾವ ಹಳ್ಳಿ ಎಲ್ಲಿಗೆ ಹೋಗುತ್ತದೆ ಎಂದು ಬೇವೂರಿನಿಂದ ಬಂದವನೊಬ್ಬ ಒಂದು ಹೇಳಿದರೆ ಗುಳೇದಗುಡ್ಡದಿಂದ ಬಂದವನು ಇನ್ನೊಂದು ಹೇಳುತ್ತಿದ್ದ. ನಾನು ಇಬ್ಬರನ್ನೂ ನಂಬಲಿಲ್ಲ. ಕಡೆಗೆ ನಮ್ಮೂರ ಮಟ್ಟಿಗೆ ಏನೂ ಬದಲಾಗಲಿಲ್ಲ. ಬಂಡಿದಾರಿಯೇ ಗಡಿ ಎಂದು ಉಳಿಯಿತು. ಮತದಾರರ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯಬೇಕಾಯಿತು. ಊರಲ್ಲಿರುವುದು ಒಂದೇ ಶಾಲೆ ಎಂದು ಎರಡೂ ಕಡೆಯ ಪಟ್ಟಿಯ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ಬೇಸಿಗೆಯ ರಜೆಯಲ್ಲಿ ನಾನೇ ಡಾಂಬರಿನ ಡಬ್ಬಿ ಹಿಡಿದು ಬಾಗಿಲ ಚೌಕಟ್ಟಿನ ಮೇಲೆ ಮನೆಯ ನಂಬರು ಬರೆದೆ, ಹೆಸರು ಬರೆದುಕೊಂಡೆ, ಸಹಿ ಮಾಡಿ ಕಳಿಸಿದೆ.

ಚುನಾವಣೆ ಹತ್ತಿರ ಬಂದಾಗ ಅಚ್ಚಾದ ಪಟ್ಟಿಗಳನ್ನು ತಂದು ಚಾವಡಿಯ ಗೋಡೆಗೆ ಹಚ್ಚಿದರು. ನೋಡುತ್ತೇನೆ, ಹುನಗುಂದದ ಪಟ್ಟಿಯಲ್ಲಿ ಮೊದಲನೆಯ ಹೆಸರೇ ನನ್ನದು. ನನ್ನ ಕೆಳಗೆ ಸುಮಿತ್ರಾ ಇರಲಿಲ್ಲ. ಆಕೆ ಬಾದಾಮಿಯ ಪಟ್ಟಿಯಲ್ಲಿದ್ದಳು, ಕರೆಪ್ಪನ ಮನೆಯವರ ಬೆನ್ನಿಗೆ. ಮಾಯವ್ವನ ಹೆಸರೂ ಅಲ್ಲೇ. ಆ ಪಟ್ಟಿಯವರು ಓಟು ಹಾಕಬೇಕಾದದ್ದು ಎದುರಿನ ಶಾಲೆಯಲ್ಲಲ್ಲ, ಗುಡ್ಡದಾಚೆಯ ಹಳ್ಳಿಯಲ್ಲಿ. ಮೂರು ಮೈಲಿ ಕಲ್ಲುದಾರಿ. ಸುದ್ದಿ ಕೇಳಿದ ಮಾಯವ್ವ ಗೋಡೆಗೆ ಒರಗಿ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. "ಅವ್ವ ಅಲ್ಲೀತನಕ ಹ್ಯಾಂಗ ಹೋಗ್ತಾಳ್ರಿ ಮಾಸ್ತರ್ರ?" ಎಂದು ಕರೆಪ್ಪ ಕೇಳಿದಾಗ ಅವನ ದನಿ ನಡುಗಿತ್ತು.

ನನಗೆ ಆ ನಡುಕದ ಮೇಲೇ ಅನುಮಾನ ಬಂತು. ಪಟ್ಟಿ ಮಾಡಿದವನು ನಾನೇ. ಆದ್ದರಿಂದ ತಪ್ಪನ್ನು ಆಮೇಲೆ ಯಾರೋ ತೂರಿಸಿದ್ದಾರೆ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಯಾರು? ಮೊದಲು ದಿಲ್ಲಿಯ ಮೇಲೆ ಅನುಮಾನಪಟ್ಟೆ. ದಿಲ್ಲಿಗೆ ನಮ್ಮ ಹಿತ್ತಲು ಗೊತ್ತಿರುವುದು ಕಷ್ಟ ಎನಿಸಿ ಬೆಂಗಳೂರಿಗೆ ಬಂದೆ, ಅಲ್ಲಿಂದ ವಿಜಾಪುರಕ್ಕೆ, ಹಾಗೇ ಇಳಿಯುತ್ತ ಇಳಿಯುತ್ತ ಕರೆಪ್ಪನ ಕಟ್ಟೆಗೆ ಬಂದು ಮುಟ್ಟಿದೆ. ಕರೆಪ್ಪನ ಬೀಗರು ಬಾದಾಮಿಯ ಕಡೆಯವರು. ಹಿಂದಿನ ತಿಂಗಳು ಅವರ ಮನೆಗೆ ಹೋಗಿ ಬಂದಿದ್ದ, ಬರುವಾಗ ಹೊಸ ಪಟಕಾ ಸುತ್ತಿಕೊಂಡು ಬಂದಿದ್ದ. ಇನ್ನೇನು ಬೇಕು? ಸುಮಿತ್ರಾ ಹಣೆ ಹಣೆ ಬಡಿದುಕೊಂಡಳು. "ತನ್ನ ಹಡದವ್ವನ್ನ ತಾನ ಯಾರರೆ ಗುಡ್ಡದಾಚೆ ಕಳಸ್ತಾರೇನ್ರಿ?" ಎಂದಳು. "ಯಾರೂ ಅನುಮಾನಪಡಬಾರದು ಅಂತನ ಕಳಿಸ್ಯಾನ," ಎಂದೆ ನಾನು. ಮರುದಿನದಿಂದ ಕರೆಪ್ಪನ ಹಾಲು ಬೇಡವೆಂದೆ. ಕಟ್ಟೆಯ ಮೇಲಿನ ಚಹಾವನ್ನೂ ಬಿಟ್ಟೆ. ಕಪ್ಪು ಚಹಾ ಕುಡಿಯುತ್ತ ಮನೆಯೊಳಗೇ ಕೂತಿರುತ್ತಿದ್ದೆ. ಅದು ಎಷ್ಟು ಕಹಿಯಾಗಿತ್ತೆಂದರೆ ಪುಡಿ ಮಾರಿದವನ ಮೇಲೂ ಅನುಮಾನ ಬಂದಿತ್ತು.

ನಾಲ್ಕನೆಯ ದಿನ ಕರೆಪ್ಪನೇ ಬಂದು ಬಾಗಿಲಲ್ಲಿ ನಿಂತ. "ಒಳಗ ಏನೈತಿ ಬಾಯಿ ಬಿಟ್ಟು ಹೇಳ್ರಿ," ಎಂದ. ಹೇಳಿದೆ. ಅವನ ಮುಖ ಸಣ್ಣದಾಯಿತು. "ಹಂಗಾರ ಗುಡಿಗೆ ನಡೀರಿ. ಭಂಡಾರ ಮುಟ್ಟೂಣು," ಎಂದ. ಬೀರಪ್ಪನ ಮುಂದಿನ ಅರಿಸಿನಪುಡಿಯೇ ಭಂಡಾರ. ಅದನ್ನು ಕೈಯಲ್ಲಿ ಹಿಡಿದು ಸುಳ್ಳಾಡುವವರು ನಮ್ಮೂರಲ್ಲಿ ಇಲ್ಲ. ಪೂಜಾರಿ ಕೈಗೆ ಹಾಕಿದ ಭಂಡಾರವನ್ನು ಕರೆಪ್ಪ ಎದೆಗೆ ಒತ್ತಿಕೊಂಡು, "ಅವ್ವನ ಹೆಸರು ಅತ್ಲಾಗ ಹೋಗಿದ್ದು ನನ್ನಿಂದ ಆಗಿದ್ರ ನನ್ನ ಹಿಂಡು ನನಗ ದಕ್ಕಬಾರದು," ಎಂದ. ನಂತರ ನನ್ನ ಕಡೆ ತಿರುಗಿ ಮೆತ್ತಗೆ, "ನೀವೂ ಮುಟ್ಟಬೇಕ್ರಿ," ಎಂದ. ನಾನೇನು ಹಿಂಜರಿಯುವವನೇ? ಮೂರು ತಲೆಮಾರಿನಿಂದ ಓದುಬರಹ ಮಾಡಿಕೊಂಡು ಬಂದ ಮನೆಯವನು! ಒಂದು ಹಿಡಿ ಭಂಡಾರ ಗಟ್ಟಿಯಾಗಿ ಹಿಡಿದು, "ಇದು ನನ್ನ ಕೈಲೆ ಆಗಿದ್ರ ಮಾಯವ್ವ ಹಾಕಿದ ದಂಡಾ ತೀರಸ್ತೇನಿ," ಎಂದು ಇಡೀ ಗುಡಿಗೆ ಕೇಳುವ ಹಾಗೆ ಹೇಳಿದೆ.

ಆಣೆ ಮಾಡಿದ ಮೇಲೂ ಕರೆಪ್ಪನ ಮೇಲೆ ನನ್ನ ಅನುಮಾನ ಪೂರ್ತಿ ಹೋಗಲಿಲ್ಲವೆನ್ನಿ. ಮೂಲ ಬರಹವನ್ನೇ ನೋಡೋಣವೆಂದು ಇಬ್ಬರೂ ಬಸ್ಸು ಹಿಡಿದು ಬಾದಾಮಿಯ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಕಿಟಕಿಯಲ್ಲಿ ಕೂತ ಮಂಗನನ್ನು ಓಡಿಸಿ ರಜಿಸ್ಟರ್ ತೆಗೆದು ಮುಂದಿಟ್ಟರು. ಹಾಳೆಯ ಮೂಲೆಯಲ್ಲಿ ಚಹಾದ ಲೋಟ ಇಟ್ಟ ದುಂಡು ಕಲೆ. ಕಲೆ ಕಂಡ ಕೂಡಲೇ ನನಗೆ ಎಲ್ಲವೂ ನೆನಪಾಯಿತು. ಆ ದಿನ ಬೆಳಿಗ್ಗೆ ಶಾಲೆಯಲ್ಲಿ ಕೂತು ಹುನಗುಂದದ ಪಟ್ಟಿ ಸುರು ಮಾಡಿ ಮೊದಲು ನನ್ನ ಹೆಸರನ್ನೇ ಬರೆದುಕೊಂಡಿದ್ದೆ. ಬಿಸಿಲೇರಿತು. ಬಾದಾಮಿಯ ಪಟ್ಟಿಗೆ ದಾರಿಯಾಚೆ ಮನೆ ಮನೆ ತಿರುಗುವ ಬದಲು ಕರೆಪ್ಪನ ಕಟ್ಟೆಯ ನೆರಳಲ್ಲಿ ಕೂತು, ಬಂಡಿದಾರಿಗೆ ಬಾಗಿಲಿದ್ದವರೆಲ್ಲ ಬಾದಾಮಿಯವರೇ ಎಂದು ನನಗೆ ನಾನೇ ಕಾಯಿದೆ ಮಾಡಿಕೊಂಡು, ಕಣ್ಣಿಗೆ ಕಂಡ ಬಾಗಿಲುಗಳನ್ನು ಬರೆಯುತ್ತ ಹೋಗಿದ್ದೆ. ಎದುರಿನವು ಆರು. ಬೆನ್ನ ಹಿಂದಿನ ಕರೆಪ್ಪನ ಬಾಗಿಲು ಏಳು. ಅಷ್ಟರಲ್ಲಿ ಊಟಕ್ಕೆ ಕರೆಯಲು ಸುಮಿತ್ರಾ ನಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಅದು ಎಂಟು. ಆ ಬಾಗಿಲಲ್ಲಿ ಕಂಡವಳು ಒಬ್ಬಳೇ ಹೆಂಗಸು, ಒಬ್ಬಳನ್ನೇ ಬರೆದಿದ್ದೆ. ಸಂಜೆ ಅವೇ ನಂಬರುಗಳನ್ನು ಬಾಗಿಲುಗಳ ಮೇಲೆ ಡಾಂಬರಿನಲ್ಲಿ ಬರೆದಿದ್ದೆ. ಹಾಳೆಯ ಕೆಳಗೆ ನನ್ನ ಸಹಿ.

"ಯಾರ ಅಕ್ಷರ ಐತ್ರಿ?" ಎಂದು ಪಕ್ಕದಲ್ಲಿ ನಿಂತ ಕರೆಪ್ಪ ಕೇಳಿದ. ಅವನಿಗೆ ಓದಲು ಬಾರದು. ಸುಳ್ಳು ಹೇಳಬೇಕೆಂದು ನಾನೇನೂ ಯೋಚಿಸಿರಲಿಲ್ಲ. ಆದರೂ ಬಾಯಿಯಿಂದ, "ಅಕ್ಷರ ಭಾಳ ಹೊಲಸ ಅದ ಕರೆಪ್ಪಾ, ಗುರುತ ಹತ್ತವಲ್ದು," ಎಂದು ಬಂದುಬಿಟ್ಟಿತು. ದುಂಡಗಿನ ಅಕ್ಷರಕ್ಕೆ ಹೆಸರಾದ ನಾನು ಹಾಗೆಂದೆ. ಕರೆಪ್ಪ ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ಕಡೆಗೆ ಒಂದು ಅಂಕಿಯ ಮೇಲೆ ಬೆರಳಿಟ್ಟ. "ಈ ಏಳಕ್ಕ ಉದ್ದಾನ ಬಾಲ ಐತ್ರಿ, ತುದಿ ಮ್ಯಾಲಕ್ಕ ತಿರುವಿದ್ದು. ನಮ್ಮ ಬಾಗಲ ಮ್ಯಾಲೆ ನೀವು ಡಾಂಬರಲೆ ಬರದ ಏಳೂ ಹಿಂಗ ಐತಿ. ದಿನಾ ಅದರ ಬುಡಕ ತಲಿ ಬಗ್ಗಿಸಿ ಹೊರಗ ಬರ್ತೇನಿ," ಎಂದ. ನಾನು ಕಿಟಕಿಗೆ ಮರಳಿ ಬಂದಿದ್ದ ಮಂಗನ ಕಡೆ ನೋಡುತ್ತ ನಿಂತೆ. ಅದೂ ನನ್ನನ್ನೇ ನೋಡುತ್ತಿತ್ತು. ತಿದ್ದುವ ಅವಧಿ ಮುಗಿದಿದೆ, ಏನಿದ್ದರೂ ಮುಂದಿನ ಪಟ್ಟಿಗೇ ಎಂದು ಗುಮಾಸ್ತರು ರಜಿಸ್ಟರ್ ಮುಚ್ಚಿದರು. ಬಸ್ಸಿನಲ್ಲಿ ಕರೆಪ್ಪ ಒಂದೇ ಮಾತಾಡಿದ್ದು: "ಅವ್ವಗ ನೀವ ಹೇಳಬೇಕ್ರಿ." ಅವನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮಾಯವ್ವ ಪೂರ್ತಿ ಕೇಳಿಸಿಕೊಂಡಳು. "ಭಂಡಾರ ಮುಟ್ಟಿ ದಂಡಾ ತೀರಸ್ತೇನಿ ಅಂದೀಯಂತ ಹೌದಿಲ್ಲೋ? ಹಂಗಾರ ಓಟಿನ ದಿನ ನನ್ನ ಚಕ್ಕಡಿ ನೀನ ಹೊಡಿ," ಎಂದಳು. ಸಾಮಾನ್ಯವಾಗಿ ಓಟಿನ ದಿನ ಮಾಸ್ತರರಿಗೆ ಬೇರೆ ಊರಲ್ಲಿ ಕೆಲಸ ಬೀಳುತ್ತದೆ. ಆ ಸಲ ನನ್ನನ್ನು ಯಾರೂ ಕರೆಯಲಿಲ್ಲ. ಯಾಕೆ ಎಂದು ಕೇಳಬೇಡಿ. ಗುಮಾಸ್ತರು ಆ ಹಾಳೆ ನೋಡಿದ್ದರು. ಹೀಗಾಗಿ ಎತ್ತಿನ ಹಗ್ಗ ನನ್ನ ಕೈಗೇ ಬಂತು. ಹಿಂದೆ ಕಂಬಳಿ ಹಾಸಿ ಮಾಯವ್ವ, ಅವಳ ಪಕ್ಕದಲ್ಲಿ ಎಳೆ ಕಿತ್ತ ಇಳಕಲ್ ಸೀರೆಯುಟ್ಟ ಸುಮಿತ್ರಾ. ಕರೆಪ್ಪ ಹಗ್ಗ ಮುಟ್ಟಲು ಒಪ್ಪದೆ, ಮುಂದೆ ಹೋಗಿ ಓಟು ಹಾಕಿ ಕುರಿ ಹೊಡೆದುಕೊಂಡು ಹೋದ. ನಾನು ಜನ್ಮದಲ್ಲಿ ಚಕ್ಕಡಿ ಹೊಡೆದವನಲ್ಲ. ಎತ್ತುಗಳಿಗೂ ನನ್ನ ಮೇಲೆ ಅನುಮಾನವಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು, ಹೊಡೆಯುತ್ತಿರುವವನು ಯಾರು ಎಂದು ತಿರುಗಿ ನೋಡುತ್ತಿದ್ದವು. ಗುಡ್ಡ ದಾಟುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಾಯವ್ವನನ್ನು ಇಬ್ಬರು ಹೆಣ್ಣುಮಕ್ಕಳು ಹಿಡಿದು ಒಳಗೆ ಕರೆದೊಯ್ದರು. ಹೊರಗೆ ಬಂದು ಮಸಿ ಹಚ್ಚಿದ ಬೆರಳನ್ನು ಎತ್ತಿ ಹಿಡಿದವಳು ಊರು ಬರುವವರೆಗೂ ಇಳಿಸಲಿಲ್ಲ.

ಬರುವಾಗ ಎತ್ತುಗಳು ನೀರು ಕಂಡು ಹಳ್ಳಕ್ಕೆ ಇಳಿದವು. ಏನು ಮಾಡಿದರೂ ಮೇಲೆ ಬರಲೊಲ್ಲವು. ಅಂತೂ ಊರು ಮುಟ್ಟಿದಾಗ ಶಾಲೆಯ ಬಾಗಿಲು ಹಾಕಿತ್ತು. ನಾನು ಈ ಶಾಲೆಯ ಮಾಸ್ತರ ಎಂದೆ. "ಸಾಲಿ ನಿಮ್ದ ಇರಬಹುದ್ರಿ, ಹೊತ್ತು ಮುಗದೈತಿ," ಎಂದ ಬಾಗಿಲಲ್ಲಿದ್ದ ಪೊಲೀಸ. ಪಟ್ಟಿಯ ಮೊದಲನೆಯ ಹೆಸರಿನ ಓಟು ಹಾಗೆಯೇ ಉಳಿಯಿತು. ಚಕ್ಕಡಿಯ ಮೇಲಿಂದ ಮಾಯವ್ವ, "ಅಯ್ಯ ಯಪ್ಪಾ, ನನ್ನ ಸಲುವಾಗಿ ನಿನ್ನ ಓಟು ಹೋತಲ್ಲೋ!" ಎಂದು ನಿಜವಾಗಿ ಮರುಗಿದಳು. ನನ್ನನ್ನು ನೋಡಿ ನಗುವ ಹಕ್ಕಿದ್ದವಳು ಅವಳೊಬ್ಬಳು, ಅವಳೇ ನಗಲಿಲ್ಲ. ಮರುದಿನ ಕರೆಪ್ಪ ಹಾಲು ತಂದ. ತಂಬಿಗೆ ಮುಂದೆ ಹಿಡಿದು, "ನೋಡ್ರಿ," ಎಂದ. ನಾನು ಬೆರಳು ಅದ್ದಲಿಲ್ಲ.

ಅವಧಿ ಬಂದ ಕೂಡಲೇ ತಿದ್ದುಪಡಿಯ ಫಾರ್ಮು ತಂದು ಮಾಯವ್ವನ ಮನೆಯವರನ್ನೆಲ್ಲ ಹುನಗುಂದಕ್ಕೆ ಮರಳಿ ಕರೆತಂದೆ. ಸುಮಿತ್ರಾಳ ಫಾರ್ಮು ತುಂಬಲು ಕೂತಾಗ ಆಕೆ ಪೆನ್ನಿಗೆ ಕೈ ಅಡ್ಡ ಹಿಡಿದಳು. "ನನ್ನ ಹೆಸರು ಅಲ್ಲೇ ಇರ್ಲಿ ಬಿಡ್ರಿ. ನೀವು ಹಿಂದ ನಿಂತು ಹಣಕಿ ನೋಡದ ಜಾಗಾ ಅಂದ್ರ ನನಗ ಅದೊಂದ ಅದ," ಎಂದಳು. ಅಂದಿನಿಂದ ಎಂಬತ್ತರ ದಶಕದ ಚುನಾವಣೆಗಳೂ ಆಗಿ ಹೋದವು. ಆಕೆ ಯಾರಿಗೆ ಓಟು ಹಾಕಿದಳೋ ಇಂದಿಗೂ ನನಗೆ ಗೊತ್ತಾಗಿಲ್ಲ. ಪ್ರತಿ ಸಲವೂ ಆ ಇಳಕಲ್ ಸೀರೆಯುಟ್ಟು ಮೂರು ಮೈಲಿ ನಡೆದೇ ಹೋಗುತ್ತಾಳೆ. ನಾನೂ ಜೊತೆಗೆ ಬರುತ್ತೇನೆ ಎಂದರೆ, "ನಿಮ್ಮ ಕ್ಷೇತ್ರ ದಾಟಿ ಬರಬ್ಯಾಡ್ರಿ," ಎಂದು ಹಿತ್ತಲ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ನಡೆದುಬಿಡುತ್ತಾಳೆ. ಆ ಬಾಗಿಲ ಮೇಲೆ ಡಾಂಬರಿನ ಎಂಟು ಇನ್ನೂ ಅಳಿಸಿಲ್ಲ. ಅಕ್ಷರ ಯಾರದೆಂದು ನನಗೆ ಗೊತ್ತಿರುವುದರಿಂದ, ಯಾರ ಮೇಲೂ ಅನುಮಾನಪಡದೆ ಒಳಗೇ ಕೂತಿರುತ್ತೇನೆ.