ಏಳೂ ಮೂವತ್ತೈದರ ಟಿಂಯ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಬಟನ್. ಅಂಗಿಯ ಗುಂಡಿಗಿಂತ ಚೂರು ದಪ್ಪ, ಬೂದು ಬಣ್ಣ, ಒತ್ತಿದರೆ ‘ಟಿಂಯ್’ ಎನ್ನುತ್ತಿತ್ತು. ಆ ‘ಟಿಂಯ್’ ಒಂದು ಇಲ್ಲದಿದ್ದರೆ ನಮ್ಮ ಗುಮಾಸ್ತರ ಆ ದಿನವೂ ಉಳಿದ ದಿನಗಳ ಹಾಗೆ ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತಿತ್ತು.

ಗುಮಾಸ್ತರು ನೀರು ಸರಬರಾಜು ಕಚೇರಿಯ ಮೂರನೇ ಕೌಂಟರಿನವರು. ಹೊಸ ನಲ್ಲಿ ಬೇಕೆನ್ನುವವರ ಅರ್ಜಿ ತೆಗೆದುಕೊಂಡು, ಮುದ್ರೆ ಹಾಕಿ, ಸಾಹೇಬರ ಸಹಿಗೆ ಒಳಗೆ ಕಳಿಸುವುದು ಅವರ ಕೆಲಸ. ಯಾರು ಏನು ಹೇಳಿದರೂ ‘ಆಗ್ಲಿ’ ಎನ್ನುವುದು ಅವರ ಸ್ವಭಾವ. ಇಂಥವರ ಎದೆ ಎರಡು ತಿಂಗಳಿಂದ ಆಗಾಗ ಲೆಕ್ಕ ತಪ್ಪುತ್ತಿತ್ತು. ಧಡಕ್ ಎಂದು ಒಂದು ಏಟು, ಆಮೇಲೆ ಒಂದು ಖಾಲಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಮೊದಲಿನ ಹಾಗೆ. ಅವರಪ್ಪ ಐವತ್ತೆರಡನೇ ವಯಸ್ಸಿನಲ್ಲಿ ಪೇಪರ್ ಓದುತ್ತ ಓದುತ್ತಲೇ ಎದೆ ಹಿಡಿದುಕೊಂಡು ಹೋದವರು. ಗುಮಾಸ್ತರಿಗೆ ಮುಂದಿನ ತಿಂಗಳು ಐವತ್ತೆರಡು. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಪೇಪರ್ ಓದುವುದನ್ನೇ ನಿಲ್ಲಿಸಿಬಿಟ್ಟಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಆಗ ಒಂದು ಸಂಶೋಧನೆ ನಡೆಯುತ್ತಿತ್ತು. ಹೀಗೆ ಬಡಿತ ತಪ್ಪುವವರಲ್ಲಿ ಯಾರಿಗೆ ಜೀವನವಿಡೀ ಮಾತ್ರೆ ಬೇಕು, ಯಾರಿಗೆ ಬರೀ ಧೈರ್ಯ ಹೇಳಿ ಕಳಿಸಿದರೆ ಸಾಕು ಎಂದು ಕಂಡುಹಿಡಿಯುವುದು ಅದರ ಉದ್ದೇಶ. ಗುಮಾಸ್ತರು ಹೆಸರು ಕೊಟ್ಟರು. ಬೆಳಿಗ್ಗೆ ಎಂಟೂವರೆಗೆ ಸಿಸ್ಟರ್ ಅವರ ಎದೆಗೆ ಐದು ಬಿಲ್ಲೆ ಅಂಟಿಸಿ, ಅದರ ವೈರುಗಳನ್ನು ಒಂದು ಪುಟ್ಟ ಯಂತ್ರಕ್ಕೆ ಸೇರಿಸಿ, ಯಂತ್ರವನ್ನು ಸೊಂಟಕ್ಕೆ ಕಟ್ಟಿದರು. ಹೆಂಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

“ನಾಳೆ ಎಂಟೂವರೆ ತನಕ ಇದನ್ನ ಬಿಚ್ಚೋ ಹಾಗಿಲ್ಲ,” ಎಂದರು ಸಿಸ್ಟರ್. “ಬಡಿತ ಎಲ್ಲಾ ತಾನಾಗೇ ದಾಖಲಾಗುತ್ತೆ. ಎದೆ ಧಡಕ್ ಅಂದಾಗ ಮಾತ್ರ ಈ ಬಟನ್ ಒತ್ತಿ. ಒತ್ತಿದ ಮೇಲೆ ಗಂಟೆ ಎಷ್ಟು, ಏನ್ ಮಾಡ್ತಿದ್ರಿ, ಎದುರಿಗೆ ಯಾರಿದ್ರು ಅಂತ ಈ ಪುಸ್ತಕದಲ್ಲಿ ಬರೀಬೇಕು. ನಿಜಾನೇ ಬರೀಬೇಕು. ನೀವು ಸುಳ್ಳು ಬರೆದ್ರೆ ನಮ್ಮ ಔಷಧೀನೂ ಸುಳ್ಳಾಗುತ್ತೆ.”

“ಆಗ್ಲಿ.”

“ಪುಸ್ತಕ ಗೌಪ್ಯ. ಡಾಕ್ಟರ್ ಬಿಟ್ಟು ಇನ್ಯಾರಿಗೂ ತೋರಿಸ್ಬೇಡಿ. ಮನೆಯವರಿಗೂ.”

“ಆಗ್ಲಿ,” ಎಂದರು ಗುಮಾಸ್ತರು. ಹೆಂಡತಿಯ ಹುಬ್ಬು ಒಂಚೂರು ಮೇಲೇರಿದ್ದನ್ನು ಅವರು ನೋಡಲಿಲ್ಲ.

ಆಸ್ಪತ್ರೆಯ ಗೇಟು ದಾಟುತ್ತಿದ್ದಂತೆ ಹೆಂಡತಿ, “ರೀ, ಹೇಳೋದೇ ಮರ್ತಿದ್ದೆ. ಭಾನುವಾರ ನಮ್ಮಣ್ಣ ಬರ್ತಾನೆ. ಒಂದು ವಾರ ಇರ್ತಾನಂತೆ,” ಎಂದರು.

ಧಡಕ್! ಗುಮಾಸ್ತರ ಬೆರಳು ಸಿಸ್ಟರ್ ಹೇಳಿದ ಮಾತು ಕೇಳಿತು. ಟಿಂಯ್.

ಹೆಂಡತಿ ನಡುರಸ್ತೆಯಲ್ಲೇ ನಿಂತರು. “ಏನು? ನಮ್ಮಣ್ಣ ಅಂದ್ರೆ ನಿಮಗೆ ಎದೆ ಹೊಡ್ಕೊಳ್ಳುತ್ತಾ?”

“ಅಲ್ವೇ, ಅದು ತಾನಾಗೇ...”

“ತಾನಾಗೇ ಹೊಡ್ಕೊಂಡ್ರೆ ಇನ್ನೂ ಚೆನ್ನಾಯ್ತು! ಏನ್ ಬರೀತಿದೀರಿ, ತೋರ್ಸಿ.”

“ಗೌಪ್ಯ ಅಂತ ಸಿಸ್ಟರ್ ಹೇಳಿದ್ರಲ್ಲ.”

ಹೆಂಡತಿ ಬಂದ ಮೊದಲ ಬಸ್ಸು ಹತ್ತಿ ಹೊರಟುಹೋದರು. ಅದು ಅವರ ಮನೆಯ ಕಡೆಗೆ ಹೋಗುವ ಬಸ್ಸಾಗಿರಲಿಲ್ಲ. ಗುಮಾಸ್ತರು ಕಂಬಕ್ಕೆ ಒರಗಿ ಪ್ರಾಮಾಣಿಕವಾಗಿ ಬರೆದರು: ‘9.05. ನಡೆಯುತ್ತಿದ್ದೆ. ಭಾವನ ವಿಷಯ.’

ಕಚೇರಿಯಲ್ಲಿ ನಾಲ್ಕನೇ ಕೌಂಟರಿನವನಿಗೆ ರೇಡಿಯೊ ಎಂದು ಹೆಸರು. ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಅಂಗಿಯ ಸಂದಿಯಿಂದ ಇಣುಕುತ್ತಿದ್ದ ವೈರು ಕಂಡದ್ದೇ ತಡ, ಕುರ್ಚಿ ಎಳೆದುಕೊಂಡು ಬಂದು ಕೂತ. ಗುಮಾಸ್ತರು ಎಲ್ಲವನ್ನೂ ವಿವರಿಸಿ, “ಯಾರಿಗೂ ಹೇಳ್ಬೇಡಪ್ಪ,” ಎಂದರು. ಅಷ್ಟು ಹೇಳಿದ್ದೇ ತಪ್ಪಾಯಿತು.

ಹತ್ತೂ ನಲವತ್ತಕ್ಕೆ ಸಾಹೇಬರು ಎಂದಿನಂತೆ ಕೆಮ್ಮುತ್ತ ಒಳಗೆ ಬಂದರು. ಧಡಕ್. ಟಿಂಯ್.

“ಏನದು ಶಬ್ದ?”

ಗುಮಾಸ್ತರು ಎದ್ದು ನಿಂತು ತಡವರಿಸುವಷ್ಟರಲ್ಲಿ ರೇಡಿಯೊ ಬಾಯಿ ಹಾಕಿದ. “ಹೃದಯದ ಯಂತ್ರ ಸಾರ್. ಯಾರನ್ನ ನೋಡಿದ್ರೆ ಎದೆ ಕೆಟ್ಟದಾಗಿ ಹೊಡ್ಕೊಳ್ಳುತ್ತೋ ಅವರ ಹೆಸರು ಬರ್ಕೊಂಡು ಆಸ್ಪತ್ರೆಗೆ ಕೊಡ್ಬೇಕಂತೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ.”

ಸಾಹೇಬರ ಮುಖ ಇಳಿಯಿತು. “ನನ್ನ ಹೆಸರು ಬರ್ದಿದೀರೇನ್ರಿ?”

“ಗೌಪ್ಯ ಸಾರ್,” ಎಂದರು ಗುಮಾಸ್ತರು, ಅಳುವ ದನಿಯಲ್ಲಿ.

“ಹದಿನಾಲ್ಕು ವರ್ಷದಲ್ಲಿ ಒಂದ್ ದಿನ ನಿಮ್ಮನ್ನ ಗದರಿದೀನಾ? ಹೇಳ್ರೀ! ಗದರಿದೀನಾ?” ಎಂದು ಸಾಹೇಬರು ಗದರಿದರು. ಗದರಿದ್ದು ತಮಗೇ ಕೇಳಿಸಿ, ದನಿ ತಗ್ಗಿಸಿ, “ಕೂತ್ಕೊಳ್ಳಿ, ಕೂತ್ಕೊಳ್ಳಿ. ಫ್ಯಾನ್ ಜೋರು ಮಾಡ್ಲಾ?” ಎಂದರು. ತಾವೇ ಫ್ಯಾನಿನ ಸ್ವಿಚ್ಚು ತಿರುಗಿಸಿ, ಹಿಂದೆ ಹಿಂದೆ ಸರಿಯುತ್ತ ಕೋಣೆ ಸೇರಿದರು. ಅವರು ಹಾಗೆ ಮೃದುವಾಗಿ ಮಾತಾಡಿದ್ದನ್ನು ಕೇಳಿದ್ದಕ್ಕೆ ಗುಮಾಸ್ತರ ಎದೆ ಇನ್ನೊಮ್ಮೆ ಧಡಕ್ ಎಂದಿತು. ಒತ್ತುವ ಧೈರ್ಯವಾಗಲಿಲ್ಲ. ಬರೆಯುವ ಧೈರ್ಯವಂತೂ ಮೊದಲೇ ಇಲ್ಲ.

ಇನ್ನು ಮೇಲೆ ಏನೇ ಆದರೂ ಬಟನ್ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿ, ಯಂತ್ರವನ್ನು ಬೆಲ್ಟಿನಿಂದ ಬಿಡಿಸಿ, ವೈರು ಎಟುಕುವಷ್ಟು ದೂರ ಮೇಜಿನ ಮೇಲೆ ಇಟ್ಟರು. ಅದರ ಮೇಲೇ ಮೊದಲ ಅರ್ಜಿದಾರರ ಕಡತ ಧೊಪ್ಪೆಂದು ಬಿತ್ತು. ಟಿಂಯ್.

ಕಡತ ಹಾಕಿದವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಐದು ತಿಂಗಳಿಂದ ಒಂದು ನಲ್ಲಿಗಾಗಿ ಅಲೆಯುತ್ತಿದ್ದವರು. ‘ಟಿಂಯ್’ ಕೇಳಿದ ಕೂಡಲೇ ಒಳಗಿನಿಂದ ಸಾಹೇಬರು ದಡಬಡಿಸಿ ಓಡಿಬಂದರು. “ಈಗ ನಾನೇನೂ ಮಾಡಿಲ್ಲ ತಾನೆ? ಏನದು? ಸಹಿಯಾಗಿಲ್ವಾ? ಕೊಡಿ, ಕೊಡಿ,” ಎಂದು ಕೌಂಟರಿನ ಮೇಲೇ ಸಹಿ ಹಾಕಿ ಹೋದರು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಏನು ಸ್ವಾಮಿ ಇದು? ಐದು ತಿಂಗಳ ಕೆಲಸ ಒಂದು ಗುಂಡಿಗೆ ಆಯ್ತಾ?”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಷ್ಟ್ರೇ. ಅದು ನನ್ನ ಎದೆ.”

“ಸಂಬಂಧ ಇದ್ಯೋ ಇಲ್ವೋ ಅಂತ ಬಾಯಲ್ಲಿ ಹೇಳ್ಬಾರದು. ಒಂದ್ಸಲ ಆದ್ರೆ ಅದು ಆಕಸ್ಮಿಕ ಇರಬಹುದು. ಇನ್ನೊಂದ್ಸಲ ಮಾಡಿ ನೋಡ್ಬೇಕು.” ಮೇಷ್ಟ್ರು ಹಿಂದೆ ನಿಂತಿದ್ದ ಹೆಂಗಸಿನ ಕಡತ ಇಸಿದುಕೊಂಡು ಮೇಜಿನ ಮೇಲಿಟ್ಟು, ಕೈ ಚಾಚಿ ಬಟನ್ ಒತ್ತಿದರು. ಟಿಂಯ್. ಸಾಹೇಬರು ಓಡಿಬಂದರು. ಸಹಿಯಾಯಿತು. ಮೂರನೇ ಕಡತ ಇಟ್ಟು ಒತ್ತದೆ ಕಾದರು. ಹತ್ತು ನಿಮಿಷ ಯಾರೂ ಬರಲಿಲ್ಲ. “ನೋಡಿದ್ರಾ? ಸಾಬೀತಾಯ್ತು!” ಎಂದು ಸಾಲಿನ ಕಡೆ ತಿರುಗಿ ಘೋಷಿಸಿದರು.

ಅಷ್ಟೇ. ಸಾಲು ಮೊದಲು ಬಾಗಿಲ ತನಕ ಇತ್ತು. ಊಟದ ಹೊತ್ತಿಗೆ ಮೆಟ್ಟಿಲು ಇಳಿಯಿತು, ಮೂರು ಗಂಟೆಗೆ ರಸ್ತೆ ಮುಟ್ಟಿತು. ಬಂದವರೆಲ್ಲ ಗುಮಾಸ್ತರ ಮುಖವನ್ನೂ ನೋಡದೆ ಬಟನ್ ಒತ್ತಿದರು. ಒಬ್ಬಾಕೆ ಕಂಕುಳಲ್ಲಿದ್ದ ಮಗುವಿನ ಕೈಯಿಂದ ಒತ್ತಿಸಿದರು. ರೇಡಿಯೊ, “ಒಬ್ಬರಿಗೆ ಒಂದೇ ಸಲ!” ಎಂದು ಕೂಗುತ್ತ ಸಾಲು ನೆಟ್ಟಗೆ ಮಾಡುತ್ತಿದ್ದ. ಸಾಹೇಬರು ಓಡಾಟ ಸಾಕಾಗಿ ತಮ್ಮ ಕುರ್ಚಿಯನ್ನೇ ಹೊರಗೆ ಹಾಕಿಸಿಕೊಂಡು, ಬೆವರು ಒರೆಸುತ್ತ ಸಹಿ ಹಾಕಿದರು. ಆ ನಡುವೆ ಗುಮಾಸ್ತರ ಎದೆ ನಿಜವಾಗಿಯೂ ಮೂರು ಸಲ ಧಡಕ್ ಎಂದಿತು. ಒತ್ತಿಬಿಡೋಣ ಎಂದು ಎರಡು ಸಲ ಮನಸ್ಸು ಮಾಡಿದರು. ಆದರೆ ಆ ಹೊತ್ತಿಗೆಲ್ಲ ಬಟನ್ ಮೇಲೆ ಬೇರೆ ಯಾರದೋ ಬೆರಳಿರುತ್ತಿತ್ತು. ಸಂಜೆ ಐದಕ್ಕೆ ರೇಡಿಯೊ ಲೆಕ್ಕ ಹೇಳಿದ: ಬೆಳಿಗ್ಗೆ ಸಾಹೇಬರು ಬಂದಾಗಿನದ್ದೂ ಸೇರಿ ಮೂವತ್ತೇಳು ಟಿಂಯ್.

ಗುಮಾಸ್ತರು ಸೋತು ಸುಣ್ಣವಾಗಿ ಮನೆಗೆ ಬಂದರು. ಬಾಗಿಲಲ್ಲೇ ಹೆಂಡತಿ.

“ಮೂವತ್ತೇಳಂತೆ?”

ರೇಡಿಯೊ ಫೋನು ಮಾಡಿದ್ದ. ಗುಮಾಸ್ತರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಮ್ಮ ಹಳೇ ಬೆತ್ತದ ಕುರ್ಚಿಯಲ್ಲಿ ಕೂತರು. ಬೆಳಿಗ್ಗೆ ಒತ್ತಿದ್ದಕ್ಕೆ ಬೈಸಿಕೊಳ್ಳಬೇಕು ಎಂದು ಅಂದುಕೊಂಡಿದ್ದರು. ಜಗಳ ಬಂದದ್ದು ಇನ್ನೊಂದು ಕಡೆಯಿಂದ.

“ಸಾಹೇಬರಿಗೆ ಟಿಂಯ್. ಮೇಷ್ಟ್ರಿಗೆ ಟಿಂಯ್. ದಾರೀಲಿ ಹೋಗೋ ಹೆಂಗಸರಿಗೆಲ್ಲಾ ಟಿಂಯ್. ಇಪ್ಪತ್ತಾರು ವರ್ಷದಿಂದ ಜೊತೇಲಿರೋಳಿಗೆ ಒಂದೂ ಇಲ್ಲ.”

“ಬೆಳಿಗ್ಗೆ ಒತ್ತಿದ್ನಲ್ಲೇ.”

“ಅದು ನಮ್ಮಣ್ಣನಿಗೆ.”

ಹೆಂಡತಿ ಎದುರಿಗೆ ಕೂತು, ಮಡಿಚಬೇಕಿದ್ದ ಬಟ್ಟೆಯ ರಾಶಿ ಎಳೆದುಕೊಂಡರು. “ಮದುವೆಯಾದ ಹೊಸತರಲ್ಲಿ ನನ್ನ ಬಳೆ ಸದ್ದಿಗೇ ಎದೆ ಹೊಡ್ಕೊಳ್ಳುತ್ತೆ ಅಂತಿದ್ರಿ. ಈಗ ಸಾಹೇಬರ ಕೆಮ್ಮಿಗೆ ಹೊಡ್ಕೊಳ್ಳುತ್ತೆ. ಹೋಗ್ಲಿ ಬಿಡಿ,” ಎಂದರು. ದನಿ ಕೊಂಚ ಒಡೆದಿತ್ತು. ಬೆಳಗಿನಿಂದ ಅವರಿಗೂ ಒಳಗೊಳಗೇ ಭಯ, ಅದನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ.

ಅದು ಗುಮಾಸ್ತರಿಗೆ ಅರ್ಥವಾಯಿತು, ಪಾಪ ಅನ್ನಿಸಿತು. ದೀಪದ ಬೆಳಕಿನಲ್ಲಿ ಹೆಂಡತಿ ಅಂಗಿಯ ತೋಳು ಮಡಿಚುತ್ತಿದ್ದರು. ಎದೆ ತಣ್ಣಗೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಗುಮಾಸ್ತರು ಗಡಿಯಾರ ನೋಡಿ, ಎದೆಯ ಮೇಲೆ ಕೈಯಿಟ್ಟು, “ಅಯ್ಯೋ, ಧಡಕ್ ಅಂತು ನೋಡು!” ಎಂದು ಬಟನ್ ಒತ್ತಿದರು. ಟಿಂಯ್.

“ಸುಳ್ಳು!” ಎಂದರು ಹೆಂಡತಿ.

“ಸುಳ್ಳು ಬರೀಬಾರದು ಅಂತ ಸಿಸ್ಟರೇ ಹೇಳಿದಾರಲ್ಲ,” ಎಂದು ಗುಮಾಸ್ತರು ಕಾಣುವ ಹಾಗೆಯೇ ದೊಡ್ಡಕ್ಷರದಲ್ಲಿ ಬರೆದರು: ‘7.35. ಹೆಂಡತಿಯನ್ನು ನೋಡುತ್ತಿದ್ದೆ. ಎದೆ ಜೋರಾಗಿ ಹೊಡೆದುಕೊಂಡಿತು.’ ಹೆಂಡತಿ ಬಟ್ಟೆಯಲ್ಲಿ ಮುಖ ಮರೆಸಿಕೊಂಡು ನಕ್ಕರು. ಆ ರಾತ್ರಿ ಮನೆಯಲ್ಲಿ ಅಣ್ಣನ ಸುದ್ದಿ ಬರಲಿಲ್ಲ. ಗುಮಾಸ್ತರು ಎರಡು ತಿಂಗಳಲ್ಲಿ ಮೊದಲ ಸಲ ಒಳ್ಳೆ ನಿದ್ದೆ ಮಾಡಿದರು.

ಬೆಳಿಗ್ಗೆ ಸಂಶೋಧನೆಯ ಡಾಕ್ಟರಮ್ಮ ಯಂತ್ರವನ್ನು ಕಂಪ್ಯೂಟರಿಗೆ ಸೇರಿಸಿ, ಪುಸ್ತಕ ಪಕ್ಕದಲ್ಲಿಟ್ಟುಕೊಂಡರು. “ಇದು ನಿಮ್ಮ ಖಾಸಗಿ ವಿಷಯ. ಇವರು ಹೊರಗೆ ಕೂತಿರ್ಬೇಕಾ?” ಎಂದು ಕೇಳಿದರು.

“ನಾನ್ಯಾಕೆ ಹೊರಗೆ?” ಎಂದರು ಹೆಂಡತಿ. “ನಾನೂ ಇರ್ತೀನಿ.”

“ಆಗ್ಲಿ,” ಎಂದರು ಗುಮಾಸ್ತರು.

ಡಾಕ್ಟರಮ್ಮ ತುಂಬ ಹೊತ್ತು ಗೆರೆಗಳನ್ನು ನೋಡಿದರು. “ಮೊದಲೆರಡು ಸರಿಯಾಗಿದೆ. ಒತ್ತಿದಾಗ ನಿಜವಾಗಿಯೂ ಬಡಿತ ತಪ್ಪಿದೆ. ಆದ್ರೆ ಆಮೇಲೆ ಮೂವತ್ತಾರು ಸಲ ಒತ್ತಿದೀರಿ, ಹೃದಯದಲ್ಲಿ ಏನೂ ಇಲ್ಲ, ಪುಸ್ತಕದಲ್ಲೂ ಏನೂ ಇಲ್ಲ. ತಪ್ಪಿದ ಕಡೆ ನೋಡಿದ್ರೆ ನಾಲ್ಕು ಸಲ ಬಟನ್ನೇ ಒತ್ತಿಲ್ಲ. ಯಾಕೆ?”

ಗುಮಾಸ್ತರು ನಡೆದದ್ದನ್ನು ಹೇಳಿದರು. ಡಾಕ್ಟರಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ಹಾಗಾದ್ರೆ ಇದರಲ್ಲಿ ನಿಮ್ಮದೊಂದು ಬಿಟ್ಟು ಊರಿನವರದ್ದೆಲ್ಲಾ ಇದೆ. ಮಾತ್ರೆ ಬೇಕೋ ಧೈರ್ಯ ಸಾಕೋ ಇದನ್ನ ನೋಡಿ ಹೇಳೋಕಾಗಲ್ಲ. ಇವತ್ತು ಇನ್ನೊಂದ್ಸಲ ಕಟ್ಟಿಸ್ಕೊಳ್ಳಿ.” ಪುಸ್ತಕ ಮುಚ್ಚಲು ಹೋದವರು ತಡೆದರು. “ಅಂದ ಹಾಗೆ, ಈ ಏಳೂ ಮೂವತ್ತೈದರದ್ದು ಮಾತ್ರ ವಿಚಿತ್ರ. ‘ಜೋರಾಗಿ ಹೊಡೆದುಕೊಂಡಿತು’ ಅಂತ ನೀವೇ ಬರ್ದಿದೀರಿ. ಆದ್ರೆ ರಾತ್ರಿ ನಿದ್ದೆ ಬಿಟ್ರೆ, ಇಡೀ ದಿನದಲ್ಲಿ ನಿಮ್ಮ ಹೃದಯ ತುಂಬಾ ನಿಧಾನವಾಗಿ, ತುಂಬಾ ಸಮಾಧಾನವಾಗಿ ಇದ್ದದ್ದೇ ಆಗ. ಎಚ್ಚರ ಇದ್ರಾ, ತೂಕಡಿಸ್ತಿದ್ರಾ?”

ನಿನ್ನನ್ನು ನೋಡಿದರೆ ಸಮಾಧಾನವಾಗುತ್ತದೆ ಎಂಬ ಒಂದು ಮಾತು ಗುಮಾಸ್ತರಿಗೆ ಆಗ ಹೊಳೆದಿದ್ದರೆ ಬಚಾವಾಗುತ್ತಿದ್ದರು. ಹೊಳೆಯಲಿಲ್ಲ. ಇಂಗು ತಿಂದ ಮಂಗನಂತೆ ಕೂತರು.

ಹೆಂಡತಿ ಗೋಡೆಗೆ ಅಂಟಿಸಿದ್ದ ಪ್ರಕಟಣೆ ಓದುತ್ತಿದ್ದರು. “ಡಾಕ್ಟ್ರೇ, ಹೋಲಿಸಿ ನೋಡೋಕೆ ಆರೋಗ್ಯವಂತರೂ ಬೇಕು ಅಂತ ಇದೆಯಲ್ಲ?”

“ಹೌದಮ್ಮ. ಜನ ಸಿಗೋದೇ ಕಷ್ಟ.”

“ನನಗೂ ಒಂದು ಕಟ್ಟಿ.”

ಅರ್ಧ ಗಂಟೆಯಲ್ಲಿ ಇಬ್ಬರೂ ಬಸ್ಸಿನಲ್ಲಿದ್ದರು. ಇಬ್ಬರಿಗೂ ಯಂತ್ರ, ಇಬ್ಬರಿಗೂ ಪುಸ್ತಕ. ಎರಡು ನಿಲ್ದಾಣ ಹೆಂಡತಿ ಕಿಟಕಿಯಾಚೆಯೇ ನೋಡುತ್ತಿದ್ದರು. ಮೂರನೆಯದರಲ್ಲಿ ಗುಮಾಸ್ತರು ಸಂಧಾನಕ್ಕೆಂದು ಗಂಟಲು ಸರಿಮಾಡಿಕೊಂಡರು. ಪಕ್ಕದಿಂದ ಟಿಂಯ್.

ಹೆಂಡತಿ ಪುಸ್ತಕ ತೆರೆದು, ಎಡಗೈ ಅಡ್ಡ ಹಿಡಿದು, ಬರೆಯತೊಡಗಿದರು. ಒಂದು ಸಾಲಾಯಿತು. ಎರಡಾಯಿತು. ಪುಟ ತಿರುಗಿತು.

“ಏನಾಯ್ತೇ?”

“ಏನಿಲ್ಲ.”

“ನನ್ನಿಂದಾನಾ?”

“ಗೌಪ್ಯ ರೀ.”

ಗುಮಾಸ್ತರು ಕತ್ತು ಉದ್ದ ಮಾಡಿದರು. ಅಡ್ಡಗೈ ಇನ್ನಷ್ಟು ಅಡ್ಡವಾಯಿತು. ಅಷ್ಟರಲ್ಲಿ ಬಸ್ಸು ಕಚೇರಿಯ ಬೀದಿಗೆ ತಿರುಗಿತು. ಬಾಗಿಲು ಇನ್ನೂ ತೆರೆದಿರಲಿಲ್ಲ, ಸಾಲು ಆಗಲೇ ಮೂಲೆ ದಾಟಿತ್ತು. ಎಲ್ಲರಿಗಿಂತ ಮುಂದೆ ಮೇಷ್ಟ್ರು, ಕೈಯಲ್ಲಿ ಯಾರ ಯಾರದೋ ಕಡತಗಳ ಕಟ್ಟು. ಇತ್ತ ಪಕ್ಕದಲ್ಲಿ ಮತ್ತೊಂದು ಟಿಂಯ್.

ಧಡಕ್!

ಈ ಸಲ ನಿಜವಾದದ್ದು. ಗುಮಾಸ್ತರ ಬೆರಳು ಬಟನ್ನಿಗೆ ಹೋಯಿತು. ಹೆಂಡತಿ ಬರೆಯುವುದನ್ನು ನಿಲ್ಲಿಸಿ ಆ ಬೆರಳನ್ನೇ ನೋಡಿದರು.

“ಒತ್ತಿ, ಒತ್ತಿ. ಯಾರಿಗೆ ಅಂತ ಮಾತ್ರ ನಿಜ ಬರೀರಿ.”

ಯಾರಿಗೆ? ಅದು ಗುಮಾಸ್ತರಿಗೇ ಗೊತ್ತಾಗಲಿಲ್ಲ. ಬೆರಳು ಬಟನ್ ಮೇಲೆ ಇದ್ದ ಹಾಗೆಯೇ ಇತ್ತು, ಅವರು ಇಳಿಯಬೇಕಿದ್ದ ನಿಲ್ದಾಣ ಹಿಂದೆ ಹೋಯಿತು.